ಒಂದು ಅಂಕಿ, ಎರಡು ಹೆಜ್ಜೆ ಹಿಂದಕ್ಕೆ

ಅಕ್ಕ ಹೋದ ಮೇಲೆ ನಾನು ಕೆಲಗೇರಿಯ ನನ್ನ ಮನೆಗೆ ಇನ್ನೂ ಮರಳಿ ಹೋಗಿಲ್ಲ. ಹಳೇ ಹುಬ್ಬಳ್ಳಿಯ ಈ ಮನೆಯಲ್ಲಿ, ನಾವಿಬ್ಬರೂ ಬೆಳೆದ ಮೇಲಿನ ಎರಡು ಕೋಣೆಗಳಲ್ಲಿ, ಅತ್ತಿಂದಿತ್ತ ಓಡಾಡಿಕೊಂಡಿದ್ದೇನೆ. ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಎಂದು ಮರೆತು ಪಡಸಾಲೆಗೆ ಬರುತ್ತೇನೆ. ಅವಳ ಸೀರೆಗಳನ್ನು ಮಡಿಸುತ್ತೇನೆ, ಮತ್ತೆ ಬಿಚ್ಚಿ ಮಡಿಸುತ್ತೇನೆ. ನೋಡಲು ಬಂದವರು ಒಂದು ಕಡೆ ಕೂಡು ಎನ್ನುತ್ತಾರೆ. ಕೂತರೆ ಸದ್ದಿಗಾಗಿ ಕಿವಿ ಏಳುತ್ತದೆ. ಈ ಮನೆ ಇಷ್ಟು ಸುಮ್ಮನಿದ್ದದ್ದನ್ನು ನಾನು ಎಂದೂ ಕೇಳಿಲ್ಲ. ನಾವು ಸಣ್ಣವರಿದ್ದಾಗ ಕೆಳಗಿನ ಮನೆಯಲ್ಲಿ ಗಾದಿ ಮಾಡುತ್ತಿದ್ದರು. ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಬೆಳಗಿನಿಂದ ನಮ್ಮ ಕಾಲಡಿಗೆ ನಡುಗುತ್ತಿತ್ತು. ಅದರ ಮೇಲೆ ಅವ್ವ ರೊಟ್ಟಿ ಬಡಿಯುವ ಸದ್ದು. ಅದರ ಮೇಲೆ ಅಪ್ಪನ ಗಟ್ಟಿ ಧ್ವನಿ. ಎಲ್ಲದರ ಮೇಲೆ, ನನ್ನ ಹನ್ನೆರಡನೆಯ ವಯಸ್ಸಿನಿಂದ ಮುಂದೆ, ಅಕ್ಕನ ಟೈಪಿಂಗ್ ಮಷೀನು.

ಅಪ್ಪ ಕನ್ನಡ ಶಾಲೆಯ ಮಾಸ್ತರರು. ಅವರ ಅಕ್ಷರಕ್ಕೆ ಊರಲ್ಲಿ ಹೆಸರಿತ್ತು. ಮದುವೆ ಮನೆಯವರು, ಅಂಗಡಿಯವರು ಫಲಕ ಬರೆಸಿಕೊಳ್ಳಲು ಬರುತ್ತಿದ್ದರು. ಪಡಸಾಲೆಯ ಒಂದು ಗೋಡೆಗೆ ಅವರೇ ಕಪ್ಪು ಬಣ್ಣ ಬಳಿದು ಹಲಗೆ ಮಾಡಿಕೊಂಡಿದ್ದರು. ಆ ಹಲಗೆಯ ಪಕ್ಕದಲ್ಲಿ ಬುದ್ಧನ ಪಟ. ಭಾನುವಾರ ಮೇಣದಬತ್ತಿ ಹಚ್ಚಿ ವಂದನೆ ಮುಗಿಸಿದ ಮೇಲೆ ಅಪ್ಪ ಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತಿದ್ದರು, ನಾವಿಬ್ಬರೂ ಅದನ್ನು ಪಾಟಿಯ ಮೇಲೆ ಇಳಿಸಬೇಕು. ಅಪ್ಪನ ತಂದೆ, ನಮ್ಮ ಮುತ್ಯಾ, ಹೆಬ್ಬೆಟ್ಟು ಒತ್ತಿದವರು. ಅಪ್ಪ ಚಿಕ್ಕವರಿದ್ದಾಗ ಹಳ್ಳಿಯ ಶಾಲೆಯಲ್ಲಿ ಒಳಗೆ ಕೂರಿಸದೆ ಪಡಸಾಲೆಯ ಅಂಚಿನಲ್ಲಿ ಕೂರಿಸುತ್ತಿದ್ದರಂತೆ. ಅಲ್ಲಿಂದ ಹಲಗೆ ಓರೆಯಾಗಿ ಕಾಣುತ್ತಿತ್ತಂತೆ. ಹಾಗೆ ಓರೆಯಾಗಿ ನೋಡಿ ಅವರು ಅಷ್ಟು ನೆಟ್ಟಗೆ ಬರೆಯಲು ಕಲಿತರು. ಈ ಕಥೆಯನ್ನು ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಊಟಕ್ಕೆ ಕೂತಾಗ ಕೈ ತೋರಿಸಿ ಹೇಳುತ್ತಿದ್ದರು.

"ಮನಿ ಕಸಗೋಬಹುದು, ಹೊಲ ಕಸಗೋಬಹುದು. ಈ ಕೈಯಾಗಿಂದು ಯಾರ ಕಸಗೋತಾರ?"

ಅಂಥವರ ಮನೆಯಲ್ಲಿ ನಾನು ಹುಟ್ಟಿದ್ದೆ. ನನಗೆ ಲೆಕ್ಕ ಬರುತ್ತಿದ್ದವು, ಬರೆಯಲು ಬರುತ್ತಿರಲಿಲ್ಲ. ಅಪ್ಪ ಸಂಜೆ ಬಾಯಿಲೆಕ್ಕ ಕೇಳುತ್ತಿದ್ದರು. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನೂ ನಾನು ನಿಲ್ಲದೆ ಹೇಳುತ್ತಿದ್ದೆ. ಅಕ್ಕನಿಗಿಂತ ಮೊದಲು ಉತ್ತರ ಕೊಡುತ್ತಿದ್ದೆ, ಅವಳು ನನಗಿಂತ ಎಂಟು ವರ್ಷ ದೊಡ್ಡವಳಾದರೂ. ಅದೇ ಲೆಕ್ಕವನ್ನು ಕಾಗದದ ಮೇಲೆ ಇಡು ಎಂದರೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಬಿಡಿಸ್ಥಾನದ ಅಂಕಿ ಹತ್ತರ ಕೆಳಗೆ ಹೋಗಿ ನಿಲ್ಲುತ್ತಿತ್ತು. ಒಂದು ಏಳು ಗುಡ್ಡದಷ್ಟು, ಮುಂದಿನದು ಎಳ್ಳಿನಷ್ಟು. ಭಾಗಾಕಾರ ಮಾಡಹೋದರೆ ಸಾಲುಗಳು ಇಳಿಜಾರಿನಲ್ಲಿ ಜಾರಿ ಪುಟದ ಮೂಲೆಗೆ ಹೋಗಿ ಸೇರುತ್ತಿದ್ದವು. ನಾನೇ ಬರೆದದ್ದನ್ನು ನಾನೇ ತಪ್ಪು ಓದಿ ತಪ್ಪು ಕೂಡಿಸುತ್ತಿದ್ದೆ. ಚೌಕಳಿಯ ನೋಟಬುಕ್ಕು ತಂದುಕೊಟ್ಟರು, ಅಂಕಿಗಳು ಚೌಕ ದಾಟಿ ಹೋದವು. ಉಸುಕಿನಲ್ಲಿ ಬೆರಳಾಡಿಸಿ ತಿದ್ದಿಸಿದರು. ನಸುಕಿನಲ್ಲಿ ಎಬ್ಬಿಸಿ ಕರಿಗೋಡೆಯ ಮೇಲೆ ಒದ್ದೆ ಬೆರಳಿನಿಂದ ಬರೆಸಿದರು. ನೀರು ಆರುವುದರೊಳಗೆ ಮುಗಿಸಬೇಕು. ನನ್ನ ಅಂಕಿಗಳು ಅರ್ಧಕ್ಕೇ ಆರಿ ಹೋಗುತ್ತಿದ್ದವು. ಈಗ ಇದಕ್ಕೊಂದು ಹೆಸರಿದೆ, ಪರೀಕ್ಷೆಯಲ್ಲಿ ಅನುಕೂಲ ಮಾಡಿಕೊಡುತ್ತಾರೆ. ಆಗ ನಮ್ಮ ಮನೆಯಲ್ಲಿ ಇದರ ಹೆಸರು ಹಟ.

"ಬಾಯಾಗ ಬರೂದು ಕೈಯಾಗ ಯಾಕ ಬರವಲ್ದು?" ಅಪ್ಪ ಕೇಳುತ್ತಿದ್ದರು. "ಬಾಯಿ ಯಾರದು? ಕೈ ಯಾರದು?"

"ಎರಡೂ ನಂದ ಅದಾವ್ರಿ."

"ಮತ್ತ? ಒಂದು ಮಗಳ ಗತೆ ಐತಿ, ಒಂದು ಸೊಸಿ ಗತೆ ಐತೇನು?"

ಒಳಗಿಂದ ಅವ್ವ, "ಸೊಸಿ ಅಂದ್ರ ಏನು ಕೆಲಸಾ ಮಾಡಂಗಿಲ್ಲೇನ್ರಿ ನಿಮ್ಮ ಲೆಕ್ಕದಾಗ?" ಎನ್ನುತ್ತಿದ್ದಳು. ಅಪ್ಪನಿಗೆ ನಗು ಬರುತ್ತಿತ್ತು, ಆದರೆ ನಗುತ್ತಿರಲಿಲ್ಲ.

ಉಳಿದ ವಿಷಯಗಳ ಸೊಟ್ಟ ಅಕ್ಷರವನ್ನು ಹೇಗೋ ಓದಿಕೊಂಡರು, ಏಳನೆಯ ತರಗತಿಯಲ್ಲಿ ನಾನು ಗಣಿತದಲ್ಲಿ ಒಮ್ಮೆ ನಪಾಸಾದೆ. ಓದುತ್ತಿದ್ದದ್ದು ಅಪ್ಪ ಕಲಿಸುತ್ತಿದ್ದ ಶಾಲೆಯಲ್ಲೇ. ಎರಡನೆಯ ಸಲವೂ ಹೋದರೆ ಹೆಸರು ತೆಗೆಯಬೇಕಾಗುತ್ತದೆ ಎಂದು ಹೆಡ್‌ಮಾಸ್ತರರು ಅಪ್ಪನಿಗೆ ಹೇಳಿದರು. ಅಂದಿನಿಂದ ಮನೆಯಲ್ಲಿ ಯಾರಿಗೂ ನೆಲೆ ಇಲ್ಲದಂತಾಯಿತು. ಅಪ್ಪ ಊಟದ ನಡುವೆ ಎದ್ದು ಹೋಗಿ ನನ್ನ ನೋಟಬುಕ್ಕು ತರುತ್ತಿದ್ದರು. ಶಾಲೆಯಿಂದ ಹೆಸರು ಹೋದವಳು ಏನು ಮಾಡುತ್ತಾಳೆ ಎಂದು ನಾನು ಕೆಳಗಿನ ಮನೆಯ ಖಾಲಾಳನ್ನು ಕೇಳಿದ್ದೆ. ಅವಳು ಗಾದಿಗೆ ಟಾಕು ಹಾಕುತ್ತ, "ನನ್ನ ಹೆಸರು ಎಲ್ಲೂ ಇದ್ದದ್ದೇ ಇಲ್ಲ ನೋಡವ್ವ, ಹೋಗೂದು ಎಲ್ಲಿಂದ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆ ಹೊತ್ತಿಗೆ ಅಕ್ಕ ಪಿಯುಸಿ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ಸರಕಾರಿ ನೌಕರಿಗೆ ಅದರ ಪರೀಕ್ಷೆ ಪಾಸಾಗಬೇಕಿತ್ತು. ಕ್ಲಾಸಿನವರು ಹಳೆಯ ಇಂಗ್ಲಿಷ್ ಮಷೀನೊಂದನ್ನು ಮೂಲೆಗೆ ಹಾಕಿದ್ದರು, ಅದರ ಗಂಟೆ ಹೋಗಿತ್ತು, ಎರಡು ಅಕ್ಷರಗಳ ಕಡ್ಡಿ ಮುರಿದಿತ್ತು. ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಲಿ ಎಂದು ಅವಳಿಗೆ ಕೊಟ್ಟರು. ಅದು ಬಂದ ದಿನ ಅದರ ಭಾರಕ್ಕೆ ನಮ್ಮ ಮನೆಯ ಮರದ ಮೆಟ್ಟಿಲು ಅಳತೊಡಗಿತ್ತು. ಅಕ್ಕ ಅದನ್ನು ಕಿಟಕಿಯ ಕೆಳಗಿನ ಮೇಜಿನ ಮೇಲೆ ಇಟ್ಟು ಬಡಿಯಲು ಶುರು ಮಾಡಿದಾಗ ಖಾಲಾ ಕೆಳಗಿಂದ ಕೂಗಿದಳು.

"ಏ ಶಶೀ, ನಮ್ಮ ಬಿಲ್ಲು ಉಣ್ಣಾಕರೆ ನಿಂದರತೈತಿ. ನಿಮ್ಮ ಮಷೀನಿಗೆ ಹಸಿವ್ಯರ ಆಗೂದಿಲ್ಲೇನ?"

ಮರುದಿನ ಅವಳೇ ಮಷೀನಿನ ಅಳತೆಗೆ ಒಂದು ಪುಟ್ಟ ಗಾದಿ ಹೊಲಿದು ತಂದಳು. ಕೆಂಪು ಬಟ್ಟೆಯದು, ನಡುವೆ ಟಾಕು ಹಾಕಿದ್ದು. ಅದರ ಮೇಲೆ ಇಟ್ಟ ಮೇಲೆ ಮೇಜು ನಡುಗುವುದು ನಿಂತಿತು, ಸದ್ದು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ನನ್ನ ಪರೀಕ್ಷೆಯ ಕಾಗದ ಹಿಡಿದು ಬಹಳ ಹೊತ್ತು ನೋಡಿದಳು. ನನ್ನ ಗುಣಾಕಾರದ ಒಳಗಿನ ಎಲ್ಲ ಅಂಕಿಗಳೂ ಸರಿ ಇದ್ದವು, ಒಂದು ಸಾಲು ಮಾತ್ರ ಒಂದು ಸ್ಥಾನ ಜಾರಿತ್ತು. ಅವಳು ಎದ್ದು ನನ್ನ ರಟ್ಟೆ ಹಿಡಿದು ಮಷೀನಿನ ಮುಂದೆ ಕೂರಿಸಿದಳು.

"ಇಲ್ಲೆ ಪ್ರತಿ ಅಂಕಿಗೂ ಒಂದು ಮನಿ ಐತಿ. ಎಲ್ಲಾ ಒಂದ ಅಳತಿವು. ಏಳು ದೊಡ್ಡದಿಲ್ಲ, ಒಂಬತ್ತು ಸಣ್ಣದಿಲ್ಲ. ಒತ್ತು."

ಒತ್ತಿದೆ. ಮೂರಂಕಿಯ ಕೆಳಗೆ ಮೂರಂಕಿ ನಿಂತವು, ಮಗ್ಗುಲಿಗೆ ಜರುಗಲಿಲ್ಲ. ನಾನು ಬರೆದ ಅಂಕಿಗಳು ಹಾಗೆ ಒಂದರ ಕೆಳಗೊಂದು ನಿಂತದ್ದನ್ನು ನೋಡಿದ್ದು ಅದೇ ಮೊದಲು. ಆದರೆ ಉತ್ತರ ಹಾಕಲು ಹೋದಾಗ ಸಿಕ್ಕಿಬಿದ್ದೆವು. ಮಷೀನು ಎಡದಿಂದ ಬಲಕ್ಕೆ ಹೋಗುತ್ತದೆ, ಕೂಡುವ ಲೆಕ್ಕ ಬಲದಿಂದ ಎಡಕ್ಕೆ ಬರುತ್ತದೆ. ಬಿಡಿಸ್ಥಾನದ ಅಂಕಿ ಹೊಡೆದ ಕೂಡಲೇ ಮಷೀನು ಒಂದು ಮನೆ ಮುಂದೆ ಓಡುತ್ತಿತ್ತು. ಅಕ್ಕ ಒಂದೊಂದೇ ಕೀಲಿ ಒತ್ತಿ ನೋಡಿದಳು. ಆಮೇಲೆ ನನ್ನ ಎಡಗೈಯ ಕಿರುಬೆರಳನ್ನು ಹಿಂದಕ್ಕೆ ಸರಿಸುವ ಕೀಲಿಯ ಮೇಲೆ ಇಟ್ಟಳು. ಒಂದು ಅಂಕಿ ಹೊಡಿ, ಎರಡು ಹೆಜ್ಜೆ ಹಿಂದಕ್ಕೆ ಬಾ. ಮತ್ತೊಂದು ಅಂಕಿ, ಮತ್ತೆರಡು ಹೆಜ್ಜೆ. ಟಪ್, ಟಕ್ ಟಕ್. ಟಪ್, ಟಕ್ ಟಕ್. ಕೈಯಲ್ಲಿ ಒಂದು ಉಳಿದರೆ ರೋಲರನ್ನು ಹಿಂದಕ್ಕೆ ತಿರುಗಿಸಿ ಮೇಲೆ ಹೊಡೆದುಕೊಳ್ಳುವುದು. ಭಾಗಾಕಾರದ ಚಿಹ್ನೆ ಆ ಮಷೀನಿನಲ್ಲಿ ಇರಲಿಲ್ಲ; ಎರಡು ಚುಕ್ಕೆ ಹೊಡೆದು ಹಿಂದೆ ಬಂದು ಅವುಗಳ ಮೇಲೆಯೇ ಒಂದು ಗೆರೆ. ಭಿನ್ನರಾಶಿಗೆ ರೋಲರು ಅರ್ಧ ಮೇಲೆ, ಅರ್ಧ ಕೆಳಗೆ. ಆ ವಾರವೆಲ್ಲ ಅಕ್ಕ ತನ್ನ ಅಭ್ಯಾಸದ ಹೊತ್ತಿನಲ್ಲಿ ಪಾಲು ಮಾಡಿ ನನ್ನನ್ನು ಕೂರಿಸಿದಳು. ಅವ್ವ ಒಳಗಿಂದಲೇ ನಮ್ಮಿಬ್ಬರನ್ನು ಬೇರೆ ಮಾಡಿ ಹೇಳುತ್ತಿದ್ದಳು. ಅಕ್ಕ ಕೂತರೆ ಮಳೆ ಸುರಿದಂತೆ, ನಾನು ಕೂತರೆ ಕುಂಟುವ ಎತ್ತು ಬಂದಂತೆ. ಓದು ಬಾರದ ಅವ್ವನಿಗೆ ನನ್ನ ಕೂಡುವ ಲೆಕ್ಕ ಯಾವುದು, ಭಾಗಿಸುವ ಲೆಕ್ಕ ಯಾವುದು ಸದ್ದಿನಿಂದಲೇ ಗೊತ್ತಾಗತೊಡಗಿತು. ನಾನು ಹಿಂದೆ ಸರಿಯಲು ಮರೆತರೆ, "ಎತ್ತು ಮುಗ್ಗರಿಸ್ತು" ಎನ್ನುತ್ತಿದ್ದಳು.

ಅಪ್ಪನಿಗೆ ನಾವು ಹೇಳಿರಲಿಲ್ಲ. ಅಕ್ಕ ಒಂದು ಸಂಜೆ ನನ್ನ ಲೆಕ್ಕಗಳ ಹಾಳೆಯನ್ನು ಅವರ ಕೈಗೆ ಕೊಟ್ಟಳು. ಅಪ್ಪ ಚಷ್ಮಾ ಹಾಕಿಕೊಂಡು ನೋಡಿದರು. ಎಲ್ಲ ಸರಿ, ಎಲ್ಲ ನೆಟ್ಟಗೆ. ಅವರ ಮುಖ ಕೆಂಪಾಯಿತು.

"ಶಶೀ, ತಂಗಿ ಲೆಕ್ಕಾ ನೀ ಮಾಡಿಕೊಡಾಕತ್ತಿ? ಮಾಸ್ತರ ಮನ್ಯಾಗ?"

"ನಾ ಮಾಡಿಲ್ರಿ ಅಪ್ಪಾ. ಆಕೀನ ಮಾಡ್ಯಾಳ."

"ಆಕಿ ಕೈ ನಾ ನೋಡಿಲ್ಲೇನು?"

"ಕೈ ನೋಡೀರಿ. ಈಗ ಲೆಕ್ಕಾ ನೋಡ್ರಿ."

ಅಕ್ಕ ಅಪ್ಪನಿಗೆ ಹಾಗೆ ಎದುರಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಅಪ್ಪ ಅವಳನ್ನು ನೀರು ತರಲು ಓಣಿಯ ನಳಕ್ಕೆ ಕಳಿಸಿದರು. ಅವಳು ಕಣ್ಸನ್ನೆ ಮಾಡಬಹುದು ಎಂದು ಅವರ ಅನುಮಾನ. ಅವಳು ಕೊಡ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಬೇಕೆಂದೇ ಪ್ರತಿ ಮೆಟ್ಟಿಲಿಗೂ ಕೊಡ ಬಡಿಯುತ್ತ ಹೋದಳು. ಅಪ್ಪ ನನ್ನ ಪಕ್ಕದಲ್ಲಿ ನಿಂತು ಒಂದು ಉದ್ದ ಭಾಗಾಕಾರ ಕೊಟ್ಟರು. ಅವರು ಹಾಳೆ ನೋಡುತ್ತಿದ್ದರೋ ನನ್ನ ಬೆರಳು ನೋಡುತ್ತಿದ್ದರೋ ತಿಳಿಯಲಿಲ್ಲ. ಕೊನೆಯ ಶೇಷ ಹೊಡೆದು ಕೈ ತೆಗೆದೆ. ಅಪ್ಪ ಹಾಳೆಯನ್ನು ರೋಲರಿನಿಂದ ಎಳೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡೆ. ಅವರು ಮಾತಾಡಿದಾಗ ಧ್ವನಿ ಸಣ್ಣದಾಗಿತ್ತು.

"ಎಲ್ಲಾ ಸರಿ ಐತಿ. ಖರೇ ಇದರಾಗ ನಿನ್ನ ಅಕ್ಷರ ಎಲ್ಲೈತಿ, ಸುಜಾತಾ?"

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

"ಅಕ್ಷರ ನಿಮ್ದು ಐತಲ್ರಿ, ಸಾಕು ಮನಿಗೆ. ಲೆಕ್ಕಾ ಆಕಿದು ಇರ್ಲಿ."

ಅಪ್ಪ ಹಾಳೆಯನ್ನು ಮಡಿಸಿ ಅಂಗಿಯ ಜೇಬಿನಲ್ಲಿ, ಹಲಗೆಯ ಮೇಲೆ ಬರೆಯುವ ಖಡುವಿನ ತುಂಡುಗಳ ಜೊತೆ ಇಟ್ಟುಕೊಂಡರು. ಆಮೇಲಿನ ಕೆಲವು ದಿನ ಅವರು ಮನೆಯಲ್ಲಿ ಕೂತದ್ದನ್ನು ನಾನು ಕಾಣೆ. ದಾಡಿ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ ತುಟಿ ಅಲುಗಾಡಿಸುತ್ತಿದ್ದರು, ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮೆಟ್ಟಿಲಿಗೆ ಓಡಾಡುತ್ತಿದ್ದರು. ನನ್ನ ಪರೀಕ್ಷೆಗೆ ಮಷೀನು ಶಾಲೆಗೆ ಹೋಗಬೇಕಾದರೆ ಒಬ್ಬರು ಹೆಡ್‌ಮಾಸ್ತರರ ಮುಂದೆ ನಿಂತು, ಊರಿಗೆಲ್ಲ ಫಲಕ ಬರೆಯುವ ಮಾಸ್ತರನ ಮಗಳಿಗೆ ಬರೆಯಲು ಬರುವುದಿಲ್ಲ ಎಂದು ಹೇಳಬೇಕು. ಆ ಒಬ್ಬರು ಯಾರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಒಂದು ಬೆಳಿಗ್ಗೆ ನಾನು ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಅಪ್ಪ ಮಷೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದರು. ಸೈಕಲ್ಲಿನ ಕ್ಯಾರಿಯರಿನ ಮೇಲೆ ಖಾಲಾಳ ಕೆಂಪು ಗಾದಿ ಹಾಸಿ, ಅದರ ಮೇಲೆ ಮಷೀನು ಇಟ್ಟು ಹಗ್ಗ ಬಿಗಿದರು. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡು ನಡೆದರು. ನಾನು ಹಿಂದಿನಿಂದ ಮಷೀನಿಗೆ ಕೈ ಕೊಟ್ಟು ನಡೆದೆ. ನಮ್ಮ ಓಣಿಯಲ್ಲಿ ಯಾವುದೂ ಮುಚ್ಚಿ ಹೋಗುವುದಿಲ್ಲ. ಪಾನಪಟ್ಟಿಯವನು ಅಂಗಡಿ ತೆರೆಯುವುದನ್ನು ಬಿಟ್ಟು ನೋಡಿದ.

"ಏನ್ರಿ ಮಾಸ್ತರ, ಸಾಲಿ ಬಿಟ್ಟು ಕೋರ್ಟಿನ ಮುಂದ ಅರ್ಜಿ ಟೈಪ್ ಮಾಡಾಕ ಹೊಂಟ್ರೇನು?"

ಅಪ್ಪ ನಿಲ್ಲಲಿಲ್ಲ. ಅವರು ಸುಮ್ಮನೆ ಹೋಗುತ್ತಾರೆ ಎಂದುಕೊಂಡೆ. ಎರಡು ಮನೆ ದಾಟಿದ ಮೇಲೆ ಹಿಂದಿರುಗಿ ನೋಡದೆಯೇ, ತರಗತಿಯಲ್ಲಿ ಮಾತಾಡುವಷ್ಟು ಗಟ್ಟಿಯಾಗಿ ಹೇಳಿದರು.

"ನಮ್ಮ ಸಣ್ಣಾಕಿ ಪಾಟಿ ಇದು. ಸ್ವಲ್ಪ ವಜ್ಜಿ ಐತಿ, ಅದಕ್ಕ ನಾ ತಗೊಂಡು ಹೊಂಟೇನಿ."

ಹೆಡ್‌ಮಾಸ್ತರರ ಕೋಣೆಯಲ್ಲಿ ನಾನು ಬಾಗಿಲ ಹತ್ತಿರ ನಿಂತಿದ್ದೆ. ಕನ್ನಡಿಯ ಮುಂದೆ ಅಷ್ಟು ದಿನ ಕಟ್ಟಿಕೊಂಡ ಮಾತು ಅಪ್ಪನಿಗೆ ಅಲ್ಲಿ ಬರಲಿಲ್ಲ. ಜೇಬಿನಿಂದ ಹಾಳೆ ತೆಗೆಯಲು ಹೋಗಿ ಖಡುವಿನ ತುಂಡುಗಳನ್ನು ನೆಲಕ್ಕೆ ಚೆಲ್ಲಿದರು. ಬಗ್ಗಿ ಅವನ್ನು ಆರಿಸುತ್ತ, ನೆಲ ನೋಡುತ್ತಲೇ ಹೇಳಿದರು.

"ಮಗಳಿಗೆ ಲೆಕ್ಕ ಬರ್ತಾವ್ರಿ ಸರ್. ಬರಿಯಾಕ ಬರೂದಿಲ್ಲ."

"ಮಾಸ್ತರ, ಈ ಮಾತು ನೀವು ಹೇಳಾಕತ್ತೀರೇನು?"

"ನಾನ ಹೇಳಾಕತ್ತೇನ್ರಿ."

ಹೆಡ್‌ಮಾಸ್ತರರು ನನಗೆ ಅಲ್ಲೇ ಒಂದು ಲೆಕ್ಕ ಕೊಟ್ಟರು. ಮಷೀನಿನ ಸದ್ದಿಗೆ ಹೊರಗಿನ ಹುಡುಗರು ಕಿಟಕಿಗೆ ಮುತ್ತಿದರು. ಉತ್ತರ ನೋಡಿ ಹೆಡ್‌ಮಾಸ್ತರರು ಗದ್ದ ಕೆರೆದುಕೊಂಡರು. ಈ ಸದ್ದಿನಲ್ಲಿ ಉಳಿದವರು ಬರೆಯಲಾರರು, ಆದ್ದರಿಂದ ನಕಾಶೆಗಳನ್ನು ಇಡುವ ಕೋಣೆಯಲ್ಲಿ ಕೂತು ಪರೀಕ್ಷೆ ಕೊಡಲಿ, ಆಕೃತಿಗಳನ್ನು ಕೈಯಿಂದ ಹೇಗೆ ಬಂದರೆ ಹಾಗೆ ಬಿಡಿಸಲಿ ಎಂದರು. ಮಷೀನು ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಉಳಿಯಿತು. ಅಕ್ಕನ ಪರೀಕ್ಷೆಯೂ ಅದೇ ದಿನಗಳಲ್ಲಿ ಇತ್ತು. ಅವಳು ಅವ್ವನ ರೊಟ್ಟಿ ಬಡಿಯುವ ಹಲಗೆ ತಿರುವಿ ಹಾಕಿ, ಅಪ್ಪನ ಖಡುವಿನಿಂದ ಅದರ ಮೇಲೆ ಕೀಲಿಗಳನ್ನು ಬರೆದುಕೊಂಡು, ಬರಿಯ ಹಲಗೆಯ ಮೇಲೆ ಬೆರಳು ಓಡಿಸಿದಳು. ಅವಳು ಪಾಸಾದಳು. ಆದರೆ ಆ ಹಲಗೆ ಅವಳ ಬೆರಳನ್ನು ಬಿಡಲಿಲ್ಲ. ಬಸ್ಸಿನ ಸೀಟಿನ ಮೇಲೆ, ಆಫೀಸಿನ ಮೇಜಿನ ಮೇಲೆ, ಮಾತಾಡುವಾಗ ನನ್ನ ಬೆನ್ನಿನ ಮೇಲೆ, ಅವಳ ಬೆರಳುಗಳು ಕೊನೆಯವರೆಗೂ ಆಡುತ್ತಿದ್ದವು.

ಗಣಿತದ ದಿನ ನಾನು ಧೂಳು ಹಿಡಿದ ನಕಾಶೆಗಳ ನಡುವೆ ಒಬ್ಬಳೇ ಕೂತು ಲೆಕ್ಕ ಮಾಡಿದೆ. ಗೋಡೆಯ ಆಚೆ ಯಾವ ತರಗತಿ ಎಂದು ಗಮನಿಸುವಷ್ಟು ಬುದ್ಧಿ ನನಗಿರಲಿಲ್ಲ. ಐದನೆಯ ಲೆಕ್ಕದಲ್ಲಿ ಕೈ ನಿಂತಿತು. ಎರಡು ಹೆಜ್ಜೆಯ ಬದಲು ಒಂದೇ ಹೆಜ್ಜೆ ಹಿಂದೆ ಬಂದಿದ್ದೆ, ಅಂಕಿಯ ಮೇಲೆ ಅಂಕಿ ಬಿದ್ದಿತ್ತು. ತುಂಬ ಹೊತ್ತು ಹಾಗೆಯೇ ಕೂತೆ. ಆಮೇಲೆ ಸಾಲು ಬಿಟ್ಟು ಮೊದಲಿನಿಂದ ಹೊಡೆದೆ. ಸಂಜೆ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಹಚ್ಚಿಕೊಂಡರು, ತಿನ್ನದೆ ಹಾಗೆಯೇ ಹಿಡಿದುಕೊಂಡರು.

"ಐದನೇ ಲೆಕ್ಕದಾಗ ಯಾಕ ನಿಂತಿ?"

ಅಕ್ಕ ನನ್ನನ್ನು ನೋಡಿದಳು. ಅವ್ವ ಹಂಚಿನ ಮೇಲಿನ ರೊಟ್ಟಿ ಮರೆತಳು. ಗೋಡೆಯ ಆಚೆ ಅಪ್ಪನ ತರಗತಿ. ಅಂದು ಅವರು ಹುಡುಗರಿಗೆ ಏನನ್ನೂ ಕಲಿಸಿರಲಿಲ್ಲ, ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಿದ್ದರು ಎಂದು ಆಮೇಲೆ ಅವರ ಹುಡುಗರೇ ಹೇಳಿದರು. ನಾನು ಪಾಸಾದೆ, ಶಾಲೆಯಲ್ಲಿ ಹೆಸರು ಉಳಿಯಿತು. ಪಿಯುಸಿವರೆಗೆ ಓದಿದೆ, ಅಷ್ಟೇ, ಹೆಚ್ಚೇನಿಲ್ಲ. ಆದರೆ ಒಬ್ಬರು ನನ್ನ ತಪ್ಪಿನ ಸದ್ದನ್ನು ಅಷ್ಟು ಕಿವಿಗೊಟ್ಟು ಕೇಳಿದ್ದರು ಎಂಬುದರ ಮೇಲೆ ನಾನು ಇಲ್ಲಿಯವರೆಗೆ ಬದುಕಿದ್ದೇನೆ.

ಅಪ್ಪ ಅವ್ವ ಹೋಗಿ ಬಹಳ ಕಾಲವಾಯಿತು. ಅಕ್ಕ ನೌಕರಿಯಿಂದ ನಿವೃತ್ತಳಾದ ಮೇಲೆ ಖಾಲಾಳ ಮೊಮ್ಮಗಳ ಮಗಳು ಸಾನಿಯಾಳನ್ನು ಲೆಕ್ಕ ಕಲಿಸಲು ಹಿಡಿದುಕೊಂಡಿದ್ದಳು. ಆ ಹುಡುಗಿಯದೂ ನನ್ನಂಥದೇ ಕೈ. ಈಗ ಟ್ಯಾಬ್ ಇದೆ; ಬಾಯಿಂದ ಹೇಳಿದರೂ ಭಿನ್ನರಾಶಿ ನೆಟ್ಟಗೆ ಬಂದು ನಿಲ್ಲುತ್ತದೆ, ಒತ್ತಿದರೂ ನಿಲ್ಲುತ್ತದೆ. ಅಕ್ಕನಿಗೆ ಅದು ತುಂಬ ಸೇರಿತ್ತು, ಒಂದು ತಕರಾರು ಬಿಟ್ಟು.

"ಎಲ್ಲಾ ಛಲೋ ಐತಿ, ಸದ್ದ ಇಲ್ಲ ನೋಡ ಸುಜೀ. ಕೂಸು ಎಲ್ಲಿ ನಿಂತತಿ ಅನ್ನೂದು ನಾ ಒಲಿ ಮುಂದ ಕುಂತು ಹೆಂಗ ತಿಳ್ಕೊಳ್ಲಿ?"

ಹುಡುಕಿ ಹುಡುಕಿ ಅದರಲ್ಲಿ ಕೀಲಿಯ ಸದ್ದು ಬರುವಂತೆ ಮಾಡಿದ್ದಳು, ಪೂರ್ತಿ ಏರಿಸಿ ಇಟ್ಟಿದ್ದಳು. ಆಸ್ಪತ್ರೆಯಲ್ಲಿ ಕೊನೆಗೆ ಅವಳಿಗೆ ಮಾತು ಇರಲಿಲ್ಲ, ಬೆರಳು ಮಾತ್ರ ಚಾದರದ ಮೇಲೆ ಆಡುತ್ತಿದ್ದವು. ಕೈ ನಡುಗುತ್ತಿದೆ, ಸಲಾಯಿನ್ ಸೂಜಿ ಕಿತ್ತೀತು, ಕಟ್ಟೋಣವೇ ಎಂದು ನರ್ಸಬಾಯಿ ಕೇಳಿದಳು. ಬೇಡ ಎಂದೆ. ಬಲಗೈಯ ಒಂದು ಬೆರಳು ಒಮ್ಮೆ, ಎಡಗೈಯ ಕಿರುಬೆರಳು ಎರಡು ಸಲ. ಮತ್ತೆ ಒಮ್ಮೆ, ಮತ್ತೆ ಎರಡು ಸಲ. ಅದು ಅವಳ ಟೈಪಿಂಗ್ ಆಗಿರಲಿಲ್ಲ, ನನ್ನದು. ಯಾವ ಲೆಕ್ಕ ಎಂದು ನನಗೆ ತಿಳಿಯಲಿಲ್ಲ. ಬಲಗಡೆಯಿಂದ ಎಡಕ್ಕೆ ಬರುತ್ತಿದ್ದಳು, ನಡುವೆ ಎಲ್ಲೋ ನಿಂತಳು.

ಇದನ್ನು ಬರೆಯುತ್ತಿರುವಾಗ ಸಂಜೆಯಾಗಿದೆ. ಸೂತಕದ ಮನೆಯ ಕೆಳಗೆ ಸದ್ದು ಮಾಡಬಾರದೆಂದು ಸಾನಿಯಾಳ ತಾಯಿ ಇಷ್ಟು ದಿನ ಟ್ಯಾಬಿನ ಬಾಯಿ ಮುಚ್ಚಿಟ್ಟಿದ್ದಳು. ನಿನ್ನೆ ನಾನೇ ಕೆಳಗಿಳಿದು ಸದ್ದು ಹಚ್ಚಲು ಹೇಳಿ ಬಂದೆ. ಈಗ ಕೇಳುತ್ತಿದೆ, ಟಕ್ ಟಕ್ ಎಂದು, ಮಷೀನಿನಷ್ಟು ಗಟ್ಟಿಯಾಗಿಲ್ಲ, ನೀರು ತೊಟ್ಟಿಕ್ಕಿದಂತೆ. ಒಂದು ಲೆಕ್ಕ ಮುಗಿಯಿತು. ಮುಂದಿನದು ಶುರುವಾಯಿತು. ನಡುವೆ ನಿಂತಿತು. ನಾನು ಈಗಲೂ ಜಾರುತ್ತಲೇ ಹೋಗುವ ಸಾಲಿನ ಮೇಲೆ ಪೆನ್ನು ಹಿಡಿದುಕೊಂಡು ಕಾದೆ. ಇನ್ನೂ ಬರಲಿಲ್ಲ. ಎದ್ದು ಮೆಟ್ಟಿಲ ತಲೆಗೆ ಹೋಗಿ ಕೆಳಗೆ ಬಗ್ಗಿದೆ.

"ಸಾನಿಯಾ, ಯಾಕ ನಿಂತಿ?"

"ಕೈಯಾಗ ಒಂದು ಉಳಿದಿತ್ರಿ ಆಂಟಿ, ಮರ್ತಿದ್ದೆ. ಈಗ ಕೂಡ್ಸಾಕತ್ತೇನ್ರಿ."

"ಕೂಡ್ಸು," ಎಂದೆ. ಅವಳು ಮುಗಿಸುವವರೆಗೂ ಅಲ್ಲೇ ಮೆಟ್ಟಿಲ ಮೇಲೆ ಕೂತೆ.